ಸೊನ್ನೆ ಬಂದ ಭಾನುವಾರ

ಭಾನುವಾರ ಬೆಳಗ್ಗೆ ನಾಯಂಡಹಳ್ಳಿಯ ಎರಡನೇ ಮಹಡಿಯಲ್ಲಿ
ನಾನು ಸಮುದ್ರ ಕಲಸುತ್ತೇನೆ.
ನೀಲಿ ಡ್ರಮ್ಮು, ಪ್ಲಾಸ್ಟಿಕ್ ಸೌಟು,
ಲೀಟರಿಗೆ ಮೂವತ್ತೇಳು ಗ್ರಾಂ ಉಪ್ಪು.
ಅಡುಗೆ ಉಪ್ಪಲ್ಲ, ಡಬ್ಬಿಯ ಮೇಲೆ ಹವಳದ ಚಿತ್ರ ಇರುವಂಥದು,
ಅದರ ಬೆಲೆ ಮನೆಯಲ್ಲಿ ಅರ್ಧ ಮಾತ್ರ ಹೇಳಿದ್ದೇನೆ.

ಕಾವೇರಿ ಬರುವುದು ದಿನ ಬಿಟ್ಟು ದಿನ, ನಸುಕಿನ ನಾಲ್ಕೂವರೆಗೆ.
ಆರ್‌ಓ ಅದನ್ನು ಹಿಂಡಿ
ಒಂದು ಬಕೆಟ್ ಏನೂ ಇಲ್ಲದ ನೀರು ಕೊಟ್ಟು
ಮೂರು ಬಕೆಟ್ ಆಚೆಗೆ ದಬ್ಬುತ್ತದೆ.
ಆ ಮೂರೂ ಕೆಳಮನೆಯ ಶಕೀಲಾ ಬಾನು ಅವರಿಗೆ:
ಮೆಟ್ಟಿಲು, ಸ್ಕೂಟರು, ಮೊಮ್ಮಗನ ಶಾಲೆಯ ಷೂ.

ಮಿಕ್ಕ ಆರು ದಿನ ನನ್ನ ಕೆಲಸವೂ ನೀರಿನದೇ.
ಮೈಸೂರು ರಸ್ತೆಯ ಆಸ್ಪತ್ರೆ, ಡಯಾಲಿಸಿಸ್ ವಾರ್ಡು,
ಒಂಬತ್ತು ಹಾಸಿಗೆ, ಒಂಬತ್ತು ಯಂತ್ರ.
ನಾಲ್ಕು ಗಂಟೆ ರಕ್ತ ಹೊರಗೆ ಬಂದು
ತೊಳೆಸಿಕೊಂಡು ಒಳಗೆ ಹೋಗುತ್ತದೆ.
ರಿಪೋರ್ಟಿನಲ್ಲಿ ಫಾಸ್ಫೇಟು, ಕ್ಯಾಲ್ಸಿಯಂ;
ಮನೆಗೆ ಬಂದರೆ ಟೆಸ್ಟ್ ಕಿಟ್ಟಿನ ಮೇಲೂ ಅವೇ.
ಒಮ್ಮೊಮ್ಮೆ ಯಾವ ಅಂಕಿ ಯಾರದೆಂದು ತಡವರಿಸುತ್ತೇನೆ.

ಮೂರನೇ ಹಾಸಿಗೆ ಮುನಿಹುಚ್ಚಮ್ಮನದು.
ನಲವತ್ತು ವರ್ಷ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿದವಳು,
ಈಗ ಸೊಪ್ಪು ತಿನ್ನುವಂತಿಲ್ಲ.
ಎಳನೀರಿಲ್ಲ, ಬಾಳೆಹಣ್ಣಿಲ್ಲ,
ದಿನಕ್ಕೆ ನೀರು ಮುಕ್ಕಾಲು ಲೀಟರು.
ಸೂಜಿ ಚುಚ್ಚುವಾಗ ಮುಖ ಆಚೆ ತಿರುಗಿಸಿ ಕೇಳುತ್ತಾಳೆ:
"ಏನ್ ಮಗ, ಎಂಗೈತೆ ನಿನ್ ಸಮುದ್ರ?"
ಅವಳು ಸಮುದ್ರ ನೋಡಿದ್ದು ನನ್ನ ಮೊಬೈಲಿನಲ್ಲಿ.

ಆಷಾಢದಲ್ಲಿ ಬಂಡೆಗೆಲ್ಲ ಕೂದಲಿನಂಥ ಪಾಚಿ ಹತ್ತಿತು.
ನನಗೆ ಹಟ ಹಿಡಿಯಿತು.
ಹತ್ತು ಲೀಟರ್ ಬದಲಿಸುವಲ್ಲಿ ಮೂವತ್ತು ಬದಲಿಸಿದೆ,
ಮೀನಿನ ಊಟ ಎರಡು ದಿನಕ್ಕೊಮ್ಮೆ ಮಾಡಿದೆ,
ಫಾಸ್ಫೇಟ್ ಹೀರುವ ತುಕ್ಕು ಬಣ್ಣದ ಹರಳು ಚೀಲಗಟ್ಟಲೆ ತುರುಕಿದೆ.
ಸ್ಕಿಮ್ಮರು ರಾತ್ರಿಯಿಡೀ ನೊರೆ ಕಕ್ಕಿತು.
ತಳದ ಮರಳು ಇಡ್ಲಿ ರವೆಯಂತಾಯಿತು.

ಮೂರನೇ ಭಾನುವಾರ ಸೀಸೆಗೆ ಹನಿ ಬಿಟ್ಟು ಕುಲುಕಿದೆ.
ನೈಟ್ರೇಟಿಗೆ ಗುಲಾಬಿ ಬರಲಿಲ್ಲ.
ಫಾಸ್ಫೇಟಿಗೆ ನೀಲಿ ಬರಲಿಲ್ಲ.
ಸೊನ್ನೆ!
ಹೆಂಡತಿಯನ್ನು ಕರೆದು ತೋರಿಸಿದೆ.
ಸುಗುಣ ಸೀಸೆ ನೋಡಲಿಲ್ಲ, ತೊಟ್ಟಿ ನೋಡಿದಳು:
"ಇವಕ್ಕೇನಾಯ್ತು, ಬಣ್ಣಾನೇ ಇಲ್ಲವಲ್ಲ?"

ಇರಲಿಲ್ಲ. ಹಸಿರು ಕೊಂಬೆ
ಒಗೆದೊಗೆದ ಬನಿಯನ್ನಿನ ಬಣ್ಣಕ್ಕೆ ಬಂದಿತ್ತು.
ಹವಳದ ಮೈಯೊಳಗೆ ಬಾಡಿಗೆಗಿರುವ, ಕಣ್ಣಿಗೆ ಕಾಣದ ಇನ್ನೊಂದು ಪಾಚಿ,
ಬಾಡಿಗೆ ಅಂದರೆ ಅದು ಅಟ್ಟು ಬಡಿಸುವ ಊಟ,
ಒಲೆ ಆರಿಸಿ ಮನೆ ಖಾಲಿ ಮಾಡುತ್ತಿತ್ತು.

ಮಂಗಳವಾರ ಮುನಿಹುಚ್ಚಮ್ಮನಿಗೆ ಹೇಳಿದೆ.
ಮೈ ಕುಲುಕಿ ನಕ್ಕಳು, ಯಂತ್ರ ಕೂಗಿಕೊಂಡಿತು.
"ಗೊಬ್ಬರ ಆಕ್ದೆ ದಂಟು ಬತ್ತೈತಾ?
ಎಚ್ಚಾದ್ರೆ ಬೇರು ಸುಟ್ಟೋಗ್ತೈತೆ,
ಇಲ್ದಿದ್ರೆ ಬಿಳಿಚ್ಕೊಂತೈತೆ.
ನಮ್ಮಪ್ಪ ಮಣ್ಣು ಮೂಸಿ ಏಳೋನು."
ಆಮೇಲೆ, ಕೈಗೆ ಹೋಗುವ ಕೆಂಪು ನಳಿಗೆ ನೋಡುತ್ತ:
"ನಂದೂ ಪೂರಾ ತೊಳ್ದಾಕ್‌ಬ್ಯಾಡ ಕಣಪ್ಪ."
ನಾನು ಅಲಾರಾಂ ಆರಿಸಿದೆ.

ಈಗ ವಾರಕ್ಕೆ ಹತ್ತೇ ಲೀಟರು. ಮೀನಿಗೆ ಎರಡು ಹೊತ್ತು ಊಟ.
ಹಿಂದಿನ ಗಾಜಿನ ಪಾಚಿ ಕೆರೆಯುವುದಿಲ್ಲ.
ಸೀಸೆಯಲ್ಲಿ ಇಷ್ಟೇ ಇಷ್ಟು ಗುಲಾಬಿ,
ಶಕೀಲಾ ಅವರ ಮನೆಯಲ್ಲಿ ರಂಜಾನಿನ ಸಂಜೆ
ಶರಬತ್ತಿನ ಲೋಟ ತೊಳೆದ ನೀರಿನಷ್ಟು.

ತೆಗೆದ ನೀರು ಬಚ್ಚಲಿಗೆ. ಗಿಡಕ್ಕೆ ಹಾಕುವಂತಿಲ್ಲ;
ಮೊದಲ ವರ್ಷ ಒಂದು ತುಳಸಿ ಸತ್ತದ್ದನ್ನು
ಸುಗುಣ ಇನ್ನೂ ಮರೆತಿಲ್ಲ.
ಬಚ್ಚಲಿಂದ ವೃಷಭಾವತಿ, ನೊರೆಯ ಜೊತೆ ಅರ್ಕಾವತಿ,
ಸಂಗಮದಲ್ಲಿ ಮತ್ತೆ ಅದೇ ಕಾವೇರಿ.
ಉಪ್ಪು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ.

ಕೊಂಬೆಯ ತುದಿ ಇನ್ನೂ ಬಿಳಿಯೇ.
ಬುಡದಲ್ಲಿ ಮಾತ್ರ ಒಂದು ಹೆಸರುಬೇಳೆಯಗಲ ಹಸಿರು.
ನಾಡಿದ್ದು ಅವಳು ಕೇಳುತ್ತಾಳೆ.
ಫೋಟೋ ತೆಗೆದಿಟ್ಟಿದ್ದೇನೆ,
ಬೇಳೆಯನ್ನು ದೊಡ್ಡದು ಮಾಡಿ.